ಹಿನ್ನೀರಿನ ಆಮೆಗೆ ಕುರಿ ಡಾಕ್ಟರು

2022ರ ಬೇಸಿಗೆಯಲ್ಲಿ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಒಂದು ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹಳ್ಳಿಯ ಹೆಸರು ಬರೆಯುವುದಿಲ್ಲ. ಆ ಊರಿನವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಅವರಲ್ಲೊಬ್ಬ ಹೆಂಗಸು ಒಂದು ತಪ್ಪಿನ ಭಾರವನ್ನು ತಿಂಗಳುಗಟ್ಟಲೆ ಹೊತ್ತಳು. ಅದನ್ನು ಮಾಡಿದವನು ನಾನು.

ನಾನು ನೌಕರಿಗೆ ಸೇರಿದ್ದು ಕೂಡ್ಲಿಗಿಯಲ್ಲಿ. ಆಮೇಲೆ ಕೊಟ್ಟೂರು, ಹಡಗಲಿ, ನನ್ನ ಸ್ವಂತ ತಾಲ್ಲೂಕಾದ ಹರಪನಹಳ್ಳಿ, ಕೊನೆಗೆ ಇಲ್ಲಿ. ಎಲ್ಲಿಗೆ ಹೋದರೂ ಬೆಳಗಾದರೆ ಕುರಿ, ಸಂಜೆಯಾದರೆ ಕುರಿ. ಕಾಲುಬಾಯಿ ಬೇನೆ, ನೀಲಿ ನಾಲಗೆ ರೋಗ, ಹೊಟ್ಟೆ ಉಬ್ಬರ, ಗಾಯದಲ್ಲಿ ಹುಳ ಬೀಳುವುದು, ಇವನ್ನೆಲ್ಲ ನೋಡಿ ನೋಡಿ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ತಲೆಗೆ ಕೆಲಸವೇ ಇರಲಿಲ್ಲ. ಜನ ನನ್ನನ್ನು ಕುರಿ ಡಾಕ್ಟ್ರು ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಬಯ್ಯೋ ಡಾಕ್ಟ್ರು ಎನ್ನುತ್ತಿದ್ದರು. ಎರಡೂ ಸರಿಯಾಗಿಯೇ ಇದ್ದವು. ತಡವಾಗಿ ಬಂದವರಿಗೆ, ನಾಟಿ ಔಷಧ ಹಾಕಿಕೊಂಡು ಬಂದವರಿಗೆ ಮೊದಲು ಬಯ್ದು ಆಮೇಲೆ ಔಷಧ ಕೊಡುವುದು ನನ್ನ ಪದ್ಧತಿಯಾಗಿತ್ತು.

ಹಿನ್ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಹೊಲದ ಬದುವಿನವರೆಗೆ ಏರಿ ನಿಲ್ಲುವ ನೀರು ಬೇಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ದೂರ ಸರಿದುಬಿಡುತ್ತದೆ. ಆಗ ತೆರೆದುಕೊಳ್ಳುವ ಕರಿಮಣ್ಣಿನಲ್ಲಿ ಹುಲ್ಲು ಚಿಗುರುವುದರಿಂದ ಕುರಿಯವರು ಮಂದೆ ಹೊಡೆದುಕೊಂಡು ಅಲ್ಲೇ ಬೀಡು ಬಿಡುತ್ತಾರೆ. ನೀರಿನಡಿ ಮುಳುಗಿದ್ದ ಬಳ್ಳಾರಿ ಜಾಲಿಯ ಬೊಡ್ಡೆಗಳು ಎದ್ದು ಕಾಣುತ್ತವೆ. ಮೀನು ಹಿಡಿಯುವವರು ಬಿಟ್ಟುಹೋದ ನೈಲಾನ್ ಬಲೆಯ ಚೂರುಗಳು ಆ ಬೊಡ್ಡೆಗಳಿಗೆ ಸುತ್ತಿಕೊಂಡಿರುತ್ತವೆ.

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಕುರಿ ಕಾಯುವ ಬೀರಪ್ಪ, ಅವನ ಹೆಂಡತಿ ಮಾಳಮ್ಮ ಕೂತಿದ್ದರು. ನಡುವೆ ಒದ್ದೆ ಕಂಬಳಿ ಹೊದಿಸಿದ ಏನೋ ಇತ್ತು. ನಾನು ಟಗರು ಎಂದುಕೊಂಡೆ. ಕಂಬಳಿ ಸರಿಸಿದರೆ ಆಮೆ. ಬೆನ್ನು ಗಟ್ಟಿ ಚಿಪ್ಪಿನದಲ್ಲ, ತೊಗಲಿನ ಹಾಗೆ ಮೆತ್ತಗೆ, ಹಸಿರು ಬೆರೆತ ಬೂದುಬಣ್ಣ. ಮೂತಿ ಉದ್ದ. ಹೊಳೆಯಲ್ಲಿರುವ ಮೆದುಚಿಪ್ಪಿನ ಆಮೆ ಇದು. ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದಕ್ಕೂ ಉಂಟು.

"ಜಾಲಿ ಬೊಡ್ಡಿಗೆ ಬಲಿ ಸುತ್ಕೊಂಡು ಬಿದ್ದಿತ್ರಿ. ನೀರು ಎರಡು ಹೊಲದಷ್ಟು ದೂರ ಹೋಗೈತಿ. ನಾಯಿ ಸುತ್ತ ನಿಂತಿದ್ವು. ಎಷ್ಟು ದಿನಾತೋ ಏನೋ" ಎಂದಳು ಮಾಳಮ್ಮ.

ಮಾಳಮ್ಮನಿಗೆ ಐವತ್ತೈದರ ಆಸುಪಾಸು. ಊರ ಹಟ್ಟಿಯಲ್ಲಿ, ಅಂದರೆ ಕುರಿಯವರ ಕೇರಿಯಲ್ಲಿ, ಅವಳ ಕೈಗುಣಕ್ಕೆ ಹೆಸರಿತ್ತು. ಯಾರ ಮನೆಯ ಕುರಿಗೆ ಏನಾದರೂ ಆದಾಗ ಗೊಟ್ಟ ಹಾಕಲು ಅವಳನ್ನೇ ಕರೆಯುತ್ತಿದ್ದರು. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತಾರೆ. ಅದರಲ್ಲಿ ಔಷಧ ತುಂಬಿ, ಪ್ರಾಣಿಯ ದವಡೆ ಓರೆಯಿಂದ ಗಂಟಲಿಗೆ ಇಳಿಸುತ್ತಾರೆ. ಸ್ವಲ್ಪ ತಪ್ಪಿದರೆ ಔಷಧ ಶ್ವಾಸನಾಳಕ್ಕೆ ಹೋಗಿ ಪ್ರಾಣಿ ಸಾಯುತ್ತದೆ. ಮಾಳಮ್ಮನ ಕೈಯಲ್ಲಿ ತಪ್ಪುತ್ತಿರಲಿಲ್ಲ. ನಾನೇ ಎಷ್ಟೋ ಸಲ ಬಾಟಲಿ ಕೊಟ್ಟು, "ಮಾಳಮ್ಮನ ಕೈಲಿ ಕುಡಿಸ್ರಿ" ಎಂದು ಜನರನ್ನು ಕಳಿಸಿದ್ದುಂಟು.

"ಏನಾದ್ರೂ ಕುಡಿಸಿದ್ಯಾ ಇದಕ್ಕೆ?" ಎಂದು ಕೇಳಿದೆ.

"ಭಾಳ ಸೊರಗಿತ್ರಿ. ಬೆಲ್ಲ ಉಪ್ಪು ನೀರಾಗ ಕಲಸಿ ಒಂದು ಗೊಟ್ಟ ಹಾಕೀನಿ. ಕಡಿಯಾಕ ಬರ್ತಿತ್ತು, ಬಾಯಾಗ ಕಡ್ಡಿ ಇಟ್ಟು ಹಾಕೀನ್ರಿ."

ನನಗೆ ಎಂದಿನಂತೆ ಸಿಟ್ಟು ಬಂತು. "ನೀರಲ್ಲಿರೋ ಪ್ರಾಣಿಗೆ ಗೊಟ್ಟ ಹಾಕ್ತಾರಾ ಯಾರಾದ್ರೂ? ಇದೇನು ನಿನ್ನ ಕುರಿ ಅಂದ್ಕೊಂಡ್ಯಾ? ಎದೆಗೆ ನೀರು ಹೋಗಿದ್ರೆ ಏನು ಮಾಡ್ತೀಯ?" ಎಂದು ಆಸ್ಪತ್ರೆಯಲ್ಲಿದ್ದ ಹತ್ತು ಜನರ ಮುಂದೆ ಬಯ್ದೆ. ಅವಳು ಸರಿದ ಕಂಬಳಿಯನ್ನು ಮತ್ತೆ ಆಮೆಯ ಮೇಲೆ ಎಳೆದಳು. ಅದೇ ಹೊತ್ತಿನಲ್ಲಿ, ಬಯ್ದ ನಾಲಗೆ ಆರುವ ಮುಂಚೆ, ಅದೇ ತಪ್ಪನ್ನು ಅದಕ್ಕಿಂತ ಕೆಟ್ಟದಾಗಿ ನಾನೇ ಮಾಡುವವನಿದ್ದೆ.

ಆಮೆಯ ಮುಂದಿನ ಎಡಗಾಲಿಗೆ ನೈಲಾನ್ ದಾರ ಬಿಗಿದು ಮಾಂಸಕ್ಕೆ ಇಳಿದಿತ್ತು. ಗಾಯದ ತುಂಬ ಹುಳ. ಕೊಟ್ರೇಶ ಎಂಬ ನಮ್ಮ ಪಶು ಪರೀಕ್ಷಕ ಅದನ್ನು ತೂಕಕ್ಕೆ ಹಾಕಿದ. ಹದಿನೈದು ಕಿಲೋ ಇತ್ತು. ಹಿಡಿಯಲು ಹೋದಾಗ ಕತ್ತು ಹೊರಳಿಸಿ ಅವನ ಕೈಗವಸನ್ನು ಕಚ್ಚಿ ಹರಿಯಿತು. ಅಷ್ಟು ಕಸುವು ಇನ್ನೂ ಉಳಿದಿತ್ತು ಅದಕ್ಕೆ. ದಾರ ಕತ್ತರಿಸಿ ತೆಗೆದೆ. ಚಿಮಟದಿಂದ ಒಂದೊಂದೇ ಹುಳ ಆರಿಸುತ್ತ ಒಂದೂವರೆ ಗಂಟೆ ಕೂತೆ. ಕುರಿಯಾಗಿದ್ದರೆ ಟರ್ಪೆಂಟೈನ್ ಬಿಟ್ಟು ಹುಳ ಹೊರಗೆ ಬರಿಸುತ್ತಿದ್ದೆ. ಇದರ ತೊಗಲು ಮೆತ್ತಗಿದೆ, ಸುಟ್ಟೀತು ಎಂದು ಅದನ್ನು ಹಾಕಲಿಲ್ಲ. ಎಷ್ಟು ಎಚ್ಚರದಿಂದ ಕೆಲಸ ಮಾಡುತ್ತಿದ್ದೇನೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಒಳಗೆ ಇನ್ನೂ ಹುಳ ಉಳಿದಿರುವುದು ಗೊತ್ತಿತ್ತು. ಅದಕ್ಕೆ ನಮ್ಮಲ್ಲಿ ಒಂದೇ ಮದ್ದು, ಐವರ್ಮೆಕ್ಟಿನ್. ಕುರಿಯ ಚರ್ಮದಡಿ ಚುಚ್ಚಿದರೆ ಹೊಟ್ಟೆಯ ಜಂತು, ಮೈಮೇಲಿನ ಉಣ್ಣಿ, ಗಾಯದ ಹುಳ ಎಲ್ಲಕ್ಕೂ ಆಗುತ್ತದೆ. ಐವತ್ತು ಕಿಲೋಗೆ ಒಂದು ಎಂಎಲ್. ಹದಿನೈದು ಕಿಲೋಗೆ ಪಾಯಿಂಟ್ ಮೂರು. ಲೆಕ್ಕ ಹಾಕಲು ಕ್ಷಣವೂ ಬೇಕಾಗಲಿಲ್ಲ. ಸಣ್ಣ ಸಿರಿಂಜಿನಲ್ಲಿ ಎಳೆದು ಹಿಂಗಾಲಿನ ಬುಡಕ್ಕೆ ಚುಚ್ಚಿದೆ. "ಆಮೆಗೂ ಇದೇನಾ ಸಾರ್?" ಎಂದು ಕೊಟ್ರೇಶ ಕೇಳಿದ. "ಹುಳ ಹುಳಾನೇ ಅಲ್ವೇನೋ" ಎಂದೆ. ಜೇಬಿನಲ್ಲಿ ಫೋನ್ ಇತ್ತು. ಮೃಗಾಲಯದಲ್ಲಿ ಕೆಲಸ ಮಾಡುವ, ನನಗೆ ಪರಿಚಯದ ಒಬ್ಬ ಕಿರಿಯ ವೈದ್ಯರ ನಂಬರ್ ಅದರಲ್ಲಿತ್ತು. ನನಗಿಂತ ಚಿಕ್ಕವರನ್ನು ಕೇಳಬೇಕು ಎಂದು ಅನ್ನಿಸಲೇ ಇಲ್ಲ.

ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಬಂದು ಹೇಳಿಕೆ ಬರೆದುಕೊಂಡ. ಗಾಯ ಮಾಗುವವರೆಗೆ ಆಸ್ಪತ್ರೆಯಲ್ಲೇ ಇರಲಿ ಎಂದ. ಬೀರಪ್ಪ ಮಂದೆಗೆ ಮರಳಿದ. ಮಾಳಮ್ಮ ಹೋಗಲಿಲ್ಲ. ಆಮೆಯನ್ನು ಇರಿಸಿದ್ದ ಸಿಮೆಂಟ್ ತೊಟ್ಟಿಯ ಪಕ್ಕ ಕೂತು, ಕಂಬಳಿ ಆರಿದಂತೆಲ್ಲ ನೀರು ಚಿಮುಕಿಸುತ್ತಿದ್ದಳು. ಅವಳ ತವರಿನ ಕಡೆ ಬಾವಿಯಲ್ಲಿ ಆಮೆ ಇದ್ದರೆ ನೀರು ಬತ್ತುವುದಿಲ್ಲ ಎಂಬ ನಂಬಿಕೆಯಂತೆ. ಬಾವಿಯ ಆಮೆಗೆ ಹಬ್ಬದ ದಿನ ಎಡೆ ಹಾಕುತ್ತಿದ್ದರಂತೆ. ಅದನ್ನು ಯಾರೂ ಕೇಳದೆಯೇ ಕೊಟ್ರೇಶನ ಮುಂದೆ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಬಂದಾಗ ಆಮೆಯ ಕತ್ತು ಹೊರಗೆ ಚಾಚಿಕೊಂಡು ತೊಟ್ಟಿಯ ನೆಲದ ಮೇಲೆ ಬಿದ್ದಿತ್ತು. ಮುಟ್ಟಿದರೆ ಒಳಗೆ ಎಳೆದುಕೊಳ್ಳಲಿಲ್ಲ. ಕಾಲು ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಕೆಳಗೆ ಬೀಳುತ್ತಿತ್ತು. ನಿನ್ನೆ ಕೈಗವಸು ಹರಿದ ಬಾಯಿಯೊಳಗೆ ಬೆರಳಿಟ್ಟೆ, ಕಚ್ಚಲಿಲ್ಲ. ಆಗ ಆ ಕಿರಿಯ ವೈದ್ಯರಿಗೆ ಫೋನ್ ಮಾಡಿದೆ. ಏನೇನು ಕೊಟ್ಟಿದ್ದೀರಿ ಎಂದು ಅವರು ಕೇಳಿದರು. ಒಂದೊಂದೇ ಹೇಳಿದೆ. ಐವರ್ಮೆಕ್ಟಿನ್ ಎಂದಾಗ ಅವರು ನನ್ನ ಮಾತು ತಡೆದರು.

"ಸಾರ್, ಆಮೆಗೆ ಅದು ವಿಷ. ಕುರಿಯಲ್ಲಿ ಮಿದುಳಿಗೆ ಹೋಗದ ಔಷಧ ಆಮೆಯಲ್ಲಿ ಹೋಗಿಬಿಡುತ್ತೆ. ಮೈಯೆಲ್ಲ ಸಡಿಲವಾಗಿ ಉಸಿರು ನಿಲ್ಲುತ್ತೆ. ಪ್ರತಿವಿಷ ಇಲ್ಲ. ಔಷಧ ಇಳಿಯುವ ತನಕ ಉಸಿರಾಡಿಸಬಹುದು, ಅಷ್ಟೇ."

ಆರೋಗ್ಯ ಕೇಂದ್ರದಿಂದ ಅಂಬು ಬ್ಯಾಗ್, ಎಂದರೆ ಕೈಯಲ್ಲಿ ಒತ್ತಿ ಗಾಳಿ ಕೊಡುವ ರಬ್ಬರ್ ಚೀಲ, ತರಿಸಿದೆ. ಆಮೆಯ ಗಂಟಲಿಗೆ ಸಣ್ಣ ಟ್ಯೂಬು ಇಳಿಸಿ, ನಾನು ಮತ್ತು ಕೊಟ್ರೇಶ ಸರದಿಯ ಮೇಲೆ ಒತ್ತಿದೆವು. ನಿಮಿಷಕ್ಕೆ ನಾಲ್ಕು ಸಲ. ನನ್ನ ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು. ಕಿಟಕಿಯ ಹೊರಗೆ ಕುರಿ ಹಿಡಿದುಕೊಂಡು ಬಂದವರು ಕಾದು ಕಾದು ಹಿಂತಿರುಗಿದರು. ಮೂರನೆಯ ದಿನ ಬೆಳಿಗ್ಗೆ ಎದೆಬಡಿತ ಸಿಗಲಿಲ್ಲ. ಆಮೆಯ ಹೃದಯ ನಿಧಾನ, ಇನ್ನೂ ನೋಡೋಣ ಎಂದು ಮಧ್ಯಾಹ್ನದವರೆಗೆ ಒತ್ತಿದೆವು. ಆಮೇಲೆ ಕೊಟ್ರೇಶನೇ ನನ್ನ ಕೈ ಹಿಡಿದು ನಿಲ್ಲಿಸಿದ.

ಹೊರಗೆ ಬಂದಾಗ ಮಾಳಮ್ಮ ಎದ್ದು ನಿಂತಳು. ನನ್ನ ಮುಖ ನೋಡಿದ ಮೇಲೆ ಕೇಳುವುದೇನೂ ಇರಲಿಲ್ಲ. ಆದರೂ ಕೇಳಿದಳು.

"ನಾ ಗೊಟ್ಟ ಹಾಕಿದ್ಕ ಹಿಂಗಾತೇನ್ರಿ?"

ಕಾರಣ ನನಗೆ ಗೊತ್ತಿತ್ತು. ಹತ್ತಿರದಲ್ಲೇ ಗಾರ್ಡ್ ನಿಂತಿದ್ದ. ಕುರಿಯವರು ನಾಲ್ಕೈದು ಜನ ನೋಡುತ್ತಿದ್ದರು. ಮೊನ್ನೆ ಹತ್ತು ಜನರ ಮುಂದೆಯೇ ನಾನು ಅವಳಿಗೆ ಬಯ್ದಿದ್ದೆ. ಇಷ್ಟು ವರ್ಷದ ಹೆಸರು ನನ್ನ ಬಾಯಿಗೆ ಅಡ್ಡ ಬಂತು.

"ಇರಬಹುದು" ಎಂದೆ.

ಅವಳು ಒದ್ದೆ ಕಂಬಳಿಯನ್ನು ಅಲ್ಲೇ ಬಿಟ್ಟು ನಡೆದು ಹೋದಳು.

ಮರಣೋತ್ತರ ಪರೀಕ್ಷೆ ನಾನೇ ಮಾಡಬೇಕಿತ್ತು. ಕೊಯ್ದು ನೋಡಿದರೆ ಶ್ವಾಸಕೋಶಗಳು ಸ್ವಚ್ಛವಾಗಿದ್ದವು. ಒಂದು ಹನಿ ನೀರು ಇರಲಿಲ್ಲ. ಅವಳು ಹಾಕಿದ ಗೊಟ್ಟ ಹೋಗಬೇಕಾದಲ್ಲಿಗೇ ಹೋಗಿತ್ತು. ಹೊಟ್ಟೆಯಲ್ಲಿ ಹದಿನಾಲ್ಕು ಮೊಟ್ಟೆಗಳಿದ್ದವು, ದುಂಡಗೆ, ಬೆಳ್ಳಗೆ, ಸಿಪ್ಪೆ ಗಟ್ಟಿಯಾಗಿ. ಆದರೂ ಸಾವಿಗೆ ಕಾರಣ ಗಾಯದ ನಂಜು ಮತ್ತು ಶ್ವಾಸನಾಳಕ್ಕೆ ದ್ರವ ಪ್ರವೇಶ ಎಂದು ವರದಿ ಬರೆದು ಸಹಿ ಹಾಕಿದೆ. ನನ್ನ ಅಕ್ಷರ ಅವತ್ತು ಎಂದಿಗಿಂತ ದುಂಡಗೆ ಬಂದಿತ್ತು. ಮೊಟ್ಟೆಗಳನ್ನು ಬದಿಗಿಟ್ಟು, ನಿಯಮದಂತೆ ದೇಹವನ್ನು ಸುಟ್ಟೆವು.

ಮೊಟ್ಟೆಯ ಸುದ್ದಿ ಹಟ್ಟಿಗೆ ತಲುಪಿ ಮಾಳಮ್ಮ ಸಂಜೆಯೊಳಗೆ ಮತ್ತೆ ಬಂದಳು. ತಾನು ಬಸುರಿಯನ್ನು ಕೊಂದೆ ಎಂಬುದು ಅವಳ ಮುಖದಲ್ಲೇ ಇತ್ತು. ಮರಿಯಾದಾವೆಂದು ಅವಳು ಕೇಳಿದ್ದಕ್ಕೆ, ಮೊಟ್ಟೆಗಳನ್ನು ಮರಳಲ್ಲಿ ಹೂಳಲು ಗಾರ್ಡ್ ತನ್ನ ಮೇಲಿನವರನ್ನು ಕೇಳಿ ಒಪ್ಪಿಗೆ ತಂದ. ಹಿನ್ನೀರಿನ ದಂಡೆಯಲ್ಲಿ ಮರಳಿರುವ ಜಾಗ ಹುಡುಕಿ ಅವಳೇ ಗುಂಡಿ ತೋಡಿ ಇಟ್ಟಳು. ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದಳು. ದಿನಾ ಹೋಗಿ ಕೂರುತ್ತಿದ್ದಾಳೆ ಎಂದು ಕೊಟ್ರೇಶ ಹೇಳುತ್ತಿದ್ದ. ಜುಲೈಯಲ್ಲಿ ಮೇಲಿನ ಮಳೆಗೆ ನೀರು ಒಮ್ಮೆಲೇ ಏರಿ ಗುಂಡಿ ಬೇಲಿಯ ಸಮೇತ ಮುಚ್ಚಿಹೋಯಿತು. ಮರಿ ಒಂದೂ ಆಗಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಆ ಹಟ್ಟಿಯ ದಾರಿಯನ್ನು ತಪ್ಪಿಸಿದೆ. ಲಸಿಕೆಗೆ ಕೊಟ್ರೇಶನನ್ನು ಕಳಿಸುತ್ತಿದ್ದೆ. ಅವನಿಗೆ ಎಲ್ಲವೂ ಗೊತ್ತಿತ್ತು. ಐವರ್ಮೆಕ್ಟಿನ್ ಬಾಟಲಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ನಾನು ಹೊಸಪೇಟೆಯಲ್ಲಿ ಮೀಟಿಂಗಿಗೆ ಹೋಗಿದ್ದೆ. ಕೊಟ್ರೇಶ ಬೇರೆ ಹಳ್ಳಿಯಲ್ಲಿದ್ದ. ಮಾಳಮ್ಮನ ವಾರಗಿತ್ತಿಯ ಕುರಿಗಳು ಎಳೆ ಹುಲ್ಲು ಮೇದು ಹೊಟ್ಟೆ ಉಬ್ಬರಿಸಿಕೊಂಡವು. ಎಣ್ಣೆಯನ್ನು ಗೊಟ್ಟದಲ್ಲಿ ಕುಡಿಸಿದರೆ ಬದುಕುತ್ತಿದ್ದವು. ಅದು ಮಾಳಮ್ಮ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಮರುದಿನ ಕೊಟ್ರೇಶ ಬಂದು ಹೇಳಿದ: "ನಾಲ್ಕು ಕುರಿ ಸತ್ವು ಸಾರ್. ಆಕಿ ಹತ್ತು ಹೆಜ್ಜಿ ದೂರದಾಗ ನಿಂತಿದ್ಳಂತ. ವಾರಗಿತ್ತಿ ಕಾಲಿಗೆ ಬಿದ್ರೂ ಮುಟ್ಲಿಲ್ಲಂತ. ನನ್ನ ಕೈ ಕೆಟ್ಟೈತಿ, ನಾ ಹಾಕಿದ್ರ ಸಾಯ್ತಾವ ಅಂದ್ಳಂತ. ಮೊದ್ಲು ಒಂದಿಬ್ರು ಕೈಗುಣ ಹೋತು ಅಂತ ಆಡ್ಕೊಂಡ್ರು ಸಾರ್. ಆಮ್ಯಾಲ ಆಕಿನೂ ಅದನ್ನ ನಂಬಿಬಿಟ್ಟಾಳ."

ಇಷ್ಟು ಹೇಳಿ ಅವನು ಹೋಗಲಿಲ್ಲ, ಮೇಜಿನ ಮುಂದೆಯೇ ನಿಂತಿದ್ದ. ನಾನು ಬೈಕಿನ ಕೀಲಿ ತೆಗೆದುಕೊಂಡೆ.

ಹಟ್ಟಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಹದಿನೈದು ಜನ ಇದ್ದರು. ಮಾಳಮ್ಮನನ್ನು ಕರೆಸಿ ಎಂದೆ. ಬೀರಪ್ಪನೂ ಬಂದ. ಚಾ ತರಿಸುತ್ತೇನೆಂದರು, ಬೇಡವೆಂದೆ. ಕುಳಿತುಕೊಳ್ಳಲೂ ಆಗಲಿಲ್ಲ.

"ಮಾಳಮ್ಮ, ಆ ಆಮೆ ನಿನ್ನ ಗೊಟ್ಟದಿಂದ ಸಾಯಲಿಲ್ಲ. ನಾನು ಹಾಕಿದ ಇಂಜೆಕ್ಷನ್ನಿನಿಂದ ಸತ್ತಿತು. ಕೊಯ್ದು ನೋಡಿದ್ದೀನಿ, ಎದೆಯಲ್ಲಿ ನೀರು ಇರಲಿಲ್ಲ. ನಿನ್ನ ಕೈ ತಪ್ಪಿರಲಿಲ್ಲ."

ಬೀರಪ್ಪ ಕೇಳಿದ: "ಯಾವಾಗ ಗೊತ್ತಾತ್ರಿ ನಿಮಗ ಇದು?"

"ಅದು ಸಾಯೋಕಿಂತ ಮೊದಲೇ."

"ಆಕಿ ಉಣ್ಣಾಕ ಕುಂತ್ರ ಬಲಗೈ ನೋಡ್ಕೊಂತ ಕುಂದರ್ತಾಳ್ರಿ" ಎಂದ ಅವನು. ದನಿ ಏರಿಸಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾಳಮ್ಮ ನನ್ನನ್ನು ನೋಡಿದಳು. ಅವಳಿಗೆ ಸಮಾಧಾನವಾಗಬಹುದು, ಅತ್ತುಬಿಡಬಹುದು ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

"ಇಂಜೆಕ್ಷನ್ ತಪ್ಪಿತಲ್ರಿ, ಅದು ಗೊತ್ತಿಲ್ದ ಆತು. ಯಾರಿಗಾದ್ರೂ ಆಗತೈತಿ. 'ಇರಬಹುದು' ಅಂದ್ರಲ್ರಿ ನೀವು, ಅದು ಹೆಂಗ ಆತು?"

ಅವಳು ಕಾದಳು. ಆಮೇಲೆ ಮನೆಯೊಳಗೆ ಹೋದಳು.

ಅದೇ ವಾರ ವರದಿ ತಪ್ಪೆಂದು ಮೇಲಿನ ಕಚೇರಿಗೂ ಅರಣ್ಯ ಇಲಾಖೆಗೂ ಬರೆದು ಕಳಿಸಿದೆ. ನೋಟಿಸ್ ಬಂತು, ಉತ್ತರ ಕೊಟ್ಟೆ, ಸೇವಾ ಪುಸ್ತಕದಲ್ಲಿ ಒಂದು ಷರಾ ಬಿತ್ತು. ಅದರಿಂದ ನನಗೇನೂ ಆಗಲಿಲ್ಲ. ಹಟ್ಟಿಯ ಜನ ಈಗ ಮಾಳಮ್ಮನನ್ನು ಮತ್ತೆ ಕರೆಯುತ್ತಾರೆ. ಅವಳು ಬರುವುದಿಲ್ಲ. ಎಲ್ಲರ ತಲೆಯಿಂದ ಹೋದ ಮಾತು ಅವಳ ಕೈಯಿಂದ ಹೋಗಲಿಲ್ಲ. ಗೊಟ್ಟ ಹಿಡಿದರೆ ನಡುಗುತ್ತದೆಯಂತೆ. ನಡುಗುವ ಕೈಯಲ್ಲಿ ಗೊಟ್ಟ ಹಾಕಿದರೆ ನಿಜವಾಗಿಯೂ ಕುರಿ ಸಾಯುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಈಗ ನಿವೃತ್ತನಾಗಿ ಹರಪನಹಳ್ಳಿಯಲ್ಲಿದ್ದೇನೆ. ಹೊಸದಾಗಿ ಸೇರಿದ ವೈದ್ಯರು ಆಗಾಗ ಸಲಹೆ ಕೇಳಲು ಬರುತ್ತಾರೆ. ಕಂಡರಿಯದ ಪ್ರಾಣಿ ಮೇಜಿನ ಮೇಲೆ ಬಂದರೆ ಸಿರಿಂಜು ಮುಟ್ಟುವ ಮೊದಲು ಗೊತ್ತಿಲ್ಲ ಎಂದು ಹೇಳಿ, ಗೊತ್ತಿದ್ದವರನ್ನು ಕೇಳಿ, ಅವರು ನಿಮಗಿಂತ ಚಿಕ್ಕವರಾದರೂ ಕೇಳಿ ಎನ್ನುತ್ತೇನೆ. ಕೈತಪ್ಪಿ ಪ್ರಾಣಿ ಸತ್ತರೆ ನನ್ನಿಂದ ಸತ್ತಿತು ಎಂದು ಅದೇ ದಿನ, ಅದೇ ಜನರ ಮುಂದೆ ಹೇಳಿ ಎನ್ನುತ್ತೇನೆ. ಮೊದಲನೆಯದನ್ನು ಕಲಿಯಲು ನನಗೆ ಒಂದು ದಿನ ಸಾಕಾಯಿತು. ಎರಡನೆಯದಕ್ಕೆ ಐದು ತಿಂಗಳು ತೆಗೆದುಕೊಂಡೆ. ಆ ಐದು ತಿಂಗಳು ನನ್ನವಾಗಿರಲಿಲ್ಲ, ಮಾಳಮ್ಮನವಾಗಿದ್ದವು.